‘ವಾರ್ಲಾಕ್’ ಎಂಬ ಇಂಗ್ಲಿಷ್ ಪದದ ಮೂಲ ಯಾವುದು, ಅರ್ಥವೇನು?

ಪ್ರಶ್ನೆ: ಅನುವಾದಕಿ

ಎಲ್ಲರಿಗೂ ನಮಸ್ಕಾರ. ಸ್ಕಾಟ್ಲೆಂಡಿನ ಕೆಲವು ಜನಪದ ಕಥೆಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅವುಗಳಲ್ಲಿ ಮಾಟಮಂತ್ರ ಬಲ್ಲ ಗಂಡಸರನ್ನು ಕೆಲವೆಡೆ ‘ವಾರ್ಲಾಕ್’ ಎಂದೂ ಕೆಲವೆಡೆ ‘ವಿಜರ್ಡ್’ ಎಂದೂ ಕರೆಯಲಾಗಿದೆ. ಆರಂಭದಲ್ಲಿ ಎರಡಕ್ಕೂ ‘ಮಾಂತ್ರಿಕ’ ಎಂದೇ ಬರೆದುಕೊಂಡು ಹೋದೆ. ಆದರೆ ಓದುತ್ತ ಹೋದಂತೆ ಊರಿನವರು ಈ ಇಬ್ಬರನ್ನು ಕಾಣುವ ರೀತಿಯೇ ಬೇರೆ ಎಂಬುದು ತಿಳಿಯಿತು. ಕಳೆದುಹೋದ ದನವನ್ನು ಪತ್ತೆ ಮಾಡಿಸಲು, ಕಾಯಿಲೆಗೆ ಮದ್ದು ಕೇಳಲು ಜನರು ವಿಜರ್ಡನ ಮನೆಗೆ ಹೋಗುತ್ತಾರೆ. ವಾರ್ಲಾಕನ ಹೆಸರೆತ್ತಿದರೆ ಮಾತು ನಿಲ್ಲಿಸಿಬಿಡುತ್ತಾರೆ.

ನಿಘಂಟುಗಳನ್ನು ನೋಡಿದರೆ ಒಂದರಲ್ಲಿ ‘ಗಂಡು ಮಾಟಗಾರ’ ಎಂದಷ್ಟೇ ಇದೆ. ಇನ್ನೊಂದು, ಈ ಪದದ ಮೂಲಾರ್ಥ ‘ಕೊಟ್ಟ ಮಾತಿಗೆ ತಪ್ಪಿದವನು’ ಎನ್ನುತ್ತದೆ. ಇದು ಆತ್ಮಗಳನ್ನು ಕರೆಯುವ ಹಾಡಿಗೆ ನಾರ್ವೆ, ಐಸ್‌ಲ್ಯಾಂಡ್ ಕಡೆಯ ಹಳೆಯ ಭಾಷೆಯಲ್ಲಿದ್ದ ಹೆಸರಿನಿಂದ ಬಂದಿದೆ ಎಂದು ವಾದಿಸುವವರೂ ಇದ್ದಾರೆ. ಇವುಗಳಲ್ಲಿ ಯಾವುದು ಸರಿ? ಮಾತಿಗೆ ತಪ್ಪಿದವನು ಮಾಟಗಾರನಾದದ್ದು ಹೇಗೆ? ಕನ್ನಡದಲ್ಲಿ ಇದಕ್ಕೆ ಯಾವ ಪದ ಹೊಂದುತ್ತದೆ? ಬಲ್ಲವರು ದಯವಿಟ್ಟು ತಿಳಿಸಬೇಕಾಗಿ ವಿನಂತಿ.

ಉತ್ತರ: ಪದಮೂಲ

ನೀವು ನೋಡಿದ ಎರಡನೆಯ ನಿಘಂಟು ಹೇಳುವುದೇ ಸರಿ. ‘ವಾರ್ಲಾಕ್’ ಪದದ ಹುಟ್ಟಿಗೂ ಮಂತ್ರವಿದ್ಯೆಗೂ ಸಂಬಂಧವಿರಲಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಇದರ ರೂಪ ‘ವ್ಯಾರ್‌ಲೊಗ’. ಇದರಲ್ಲಿ ಎರಡು ಭಾಗಗಳಿವೆ. ‘ವ್ಯಾರ್’ ಎಂದರೆ ಒಡಂಬಡಿಕೆ, ಇಟ್ಟ ಆಣೆ, ಕೊಟ್ಟ ನಂಬಿಕೆ. ಲ್ಯಾಟಿನ್ನಿನಲ್ಲಿ ನಿಜ ಎಂಬ ಅರ್ಥವಿರುವ ‘ವೇರುಸ್’, ಜರ್ಮನ್ನಿನ ‘ವಾರ್’, ನಂಬಿಕೆ ಎಂಬ ಅರ್ಥದ ರಷ್ಯನ್ ಪದ ‘ವೆರಾ’ ಇವೆಲ್ಲವೂ ಇದರ ದಾಯಾದಿಗಳು. ಇಂದಿನ ಇಂಗ್ಲಿಷಿನ ‘ವೆರಿಫೈ’, ‘ವರ್ಡಿಕ್ಟ್’ ಪದಗಳು ಲ್ಯಾಟಿನ್ ದಾರಿಯಿಂದ ಬಂದು ಅದೇ ಕುಟುಂಬಕ್ಕೆ ಸೇರಿಕೊಂಡಿವೆ. ಎರಡನೆಯ ಭಾಗವಾದ ‘ಲೊಗ’ ಎಂದರೆ ಸುಳ್ಳು ಮಾಡುವವನು. ಸುಳ್ಳು ಹೇಳು ಎಂಬ ಅರ್ಥದ ‘ಲೈ’ ಕ್ರಿಯಾಪದದ ಪೂರ್ವರೂಪಕ್ಕೆ ಇದು ಸಂಬಂಧಿಸಿದೆ. ಹೀಗಾಗಿ ಒಡಂಬಡಿಕೆಯನ್ನು ಹುಸಿ ಮಾಡಿದವನೇ ‘ವ್ಯಾರ್‌ಲೊಗ’.

ಅಂದಿನ ಸಮಾಜದಲ್ಲಿ ಇದು ಎಷ್ಟು ದೊಡ್ಡ ಬೈಗುಳವಾಗಿತ್ತು ಎಂಬುದನ್ನು ಮನಸ್ಸಿಗೆ ತಂದುಕೊಳ್ಳಬೇಕು. ಒಡೆಯನ ಮನೆಯಲ್ಲಿ ಉಂಡು, ಅವನು ಕೊಟ್ಟ ಕತ್ತಿ ಕವಚಗಳನ್ನು ತೊಟ್ಟ ಯೋಧನು ಯುದ್ಧದಲ್ಲಿ ಅವನ ಪಕ್ಕದಲ್ಲಿ ನಿಲ್ಲುವುದಾಗಿ ಆಣೆಯಿಟ್ಟಿರುತ್ತಿದ್ದ. ಹಳೆಯ ಇಂಗ್ಲಿಷಿನ ವೀರಕಾವ್ಯವಾದ ಬಿಯೋವುಲ್ಫ್‌ನ ಕೊನೆಯ ಭಾಗದಲ್ಲಿ ಮುದಿ ರಾಜನು ಘಟಸರ್ಪದೊಡನೆ ಹೋರಾಡುತ್ತಿರುವಾಗ ಅವನ ಸಂಗಡಿಗರು ಪ್ರಾಣಭಯದಿಂದ ಕಾಡಿಗೆ ಓಡಿಹೋಗುತ್ತಾರೆ, ವಿಗ್ಲಾಫ್ ಒಬ್ಬನೇ ಜೊತೆಗೆ ನಿಲ್ಲುತ್ತಾನೆ. ಎಲ್ಲ ಮುಗಿದ ಮೇಲೆ ಆ ಹತ್ತು ಮಂದಿ ಗುರಾಣಿ ಹೊತ್ತು, ತಲೆ ತಗ್ಗಿಸಿ ಹೊರಗೆ ಬರುವಾಗ ಕವಿ ಅವರನ್ನು ‘ಟ್ರೇಓವ್‌ಲೊಗ’ರು ಎಂದು ಕರೆಯುತ್ತಾನೆ. ನಿಷ್ಠೆಯನ್ನು ಹುಸಿ ಮಾಡಿದವರು ಎಂದು ಅದರ ಅರ್ಥ. ‘ಲೊಗ’ ಎಂಬ ಅದೇ ಉತ್ತರಪದ ಇಲ್ಲಿಯೂ ಇದೆ ಎಂಬುದನ್ನು ಗಮನಿಸಿ.

ಇನ್ನು ಸೈತಾನನ ಸಂಬಂಧ. ಕ್ರೈಸ್ತ ಕವಿಗಳ ಪಾಲಿಗೆ ಒಡೆಯನಿಗೆ ಎರಡು ಬಗೆದವರಲ್ಲಿ ಮೊದಲಿಗನು, ದೇವರ ವಿರುದ್ಧ ತಿರುಗಿಬಿದ್ದ ದೇವದೂತನೇ. ಸೃಷ್ಟಿಯ ಕಥೆಯನ್ನು ಹೇಳುವ ಹಳೆಯ ಇಂಗ್ಲಿಷ್ ಕಾವ್ಯವೊಂದರ ಆರಂಭದಲ್ಲಿ, ದೇವರು ಆ ಬಂಡುಕೋರ ದೂತರಿಗಾಗಿ ನರಕವೆಂಬ ಗಡೀಪಾರಿನ ಮನೆಯನ್ನು ನಿರ್ಮಿಸುವ ಸಂದರ್ಭದಲ್ಲಿ ಅವರನ್ನು ಸೂಚಿಸಲು ಬಳಸಿರುವುದು ಇದೇ ಪದ. ಮುಂದೆ ಸೈತಾನನಿಗೂ ದೈತ್ಯರಿಗೂ ರಾಕ್ಷಸರಿಗೂ ಅದು ಹೆಸರಾಯಿತು. ಸುಮಾರು 1300ರ ಹೊತ್ತಿಗೆ ಸೈತಾನನೊಂದಿಗೆ ಕೈಜೋಡಿಸಿದ ಮನುಷ್ಯನಿಗೂ ಈ ಪದ ಸಲ್ಲತೊಡಗಿತು. ಮಾತಿಗೆ ತಪ್ಪಿದವನಿಗೂ ಮಾಟಗಾರನಿಗೂ ನಡುವೆ ನಿಂತಿರುವವನು ಸೈತಾನ; ಅವನನ್ನು ಬಿಟ್ಟರೆ ಈ ಪದದ ಚರಿತ್ರೆ ಅರ್ಥವಾಗುವುದಿಲ್ಲ.

ಪದದ ಕೊನೆಯಲ್ಲಿರುವ ‘ಕ್’ ಧ್ವನಿ ಮತ್ತು ‘ಗಂಡು ಮಾಟಗಾರ’ ಎಂಬ ಖಚಿತ ಅರ್ಥ ಇವೆರಡೂ ಸ್ಕಾಟ್ಲೆಂಡಿನ ಕೊಡುಗೆ; ಆ ಅರ್ಥ 16ನೆಯ ಶತಮಾನದಲ್ಲಿ ಬರಹದಲ್ಲಿ ಕಾಣಿಸಿಕೊಳ್ಳುತ್ತದೆ. ಇಂಗ್ಲೆಂಡಿನ ದಕ್ಷಿಣ ಭಾಗದಲ್ಲಿ ಪದ ಮರೆಯಾಗುತ್ತ ಬಂದಾಗಲೂ ಉತ್ತರದಲ್ಲಿ ಉಳಿದುಕೊಂಡಿತು. ಆದ್ದರಿಂದ ನಿಮ್ಮ ಕಥೆಗಳಲ್ಲಿ ಅದು ತನ್ನ ತವರಿನಲ್ಲಿಯೇ ಇದೆ.

ಉತ್ತರ: ಬಡಗಣದ ಓದುಗ

ಪದಮೂಲ ಅವರ ವಿವರಣೆಗೆ ನನ್ನ ಸಹಮತವಿದೆ. ಆದರೂ ಹಾಡಿನ ಹೆಸರಿನಿಂದ ಪದ ಬಂತು ಎಂಬ ಆ ಉತ್ತರದೇಶದ ವಾದವನ್ನು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ನ್ಯಾಯವಲ್ಲ, ಏಕೆಂದರೆ ಅದರ ಹಿಂದೆ ಬಹಳ ಸೊಗಸಾದ ಒಂದು ಪ್ರಸಂಗವಿದೆ.

13ನೆಯ ಶತಮಾನದಲ್ಲಿ ರಚಿತವಾದ, ಕೆಂಪು ಎರಿಕನ ಕಥೆಯನ್ನು ಹೇಳುವ ಐಸ್‌ಲ್ಯಾಂಡಿನ ಸಾಗಾದಲ್ಲಿ, ಅಂದರೆ ಹಳೆಯ ಗದ್ಯಕಥನದಲ್ಲಿ, ಈ ಪ್ರಸಂಗ ಬರುತ್ತದೆ. ಗ್ರೀನ್‌ಲ್ಯಾಂಡಿನಲ್ಲಿ ಬರಗಾಲ, ಬೇಟೆಗೆ ಹೋದವರು ಬರಿಗೈಯಲ್ಲಿ ಬರುತ್ತಿದ್ದಾರೆ, ಕೆಲವರು ಮರಳಿ ಬರಲೇ ಇಲ್ಲ. ಕಷ್ಟ ಎಂದಿಗೆ ಕಳೆಯುತ್ತದೆ ಎಂದು ಕೇಳಲು ಊರಿನ ಪ್ರಮುಖನಾದ ಥಾರ್ಕೆಲ್ ಎಂಬವನು ಥಾರ್‌ಬ್ಯೋರ್ಗ್ ಎಂಬ ಕಾಲಜ್ಞಾನಿ ಮಹಿಳೆಯನ್ನು ಮನೆಗೆ ಕರೆಸುತ್ತಾನೆ. ಅವಳ ವೇಷಭೂಷಣವನ್ನು ಸಾಗಾಕಾರನು ಎಷ್ಟು ಬಿಡಿಸಿ ಹೇಳುತ್ತಾನೆಂದರೆ ಅವಳು ಕಣ್ಣೆದುರು ನಿಂತಂತಾಗುತ್ತದೆ: ಅಂಚಿನವರೆಗೆ ಹರಳು ಹೊದಿಸಿದ ನೀಲಿ ಮೇಲುವಸ್ತ್ರ, ಕೊರಳಲ್ಲಿ ಗಾಜಿನ ಮಣಿಗಳು, ಒಳಗಡೆ ಬಿಳಿ ಬೆಕ್ಕಿನ ಚರ್ಮವಿರುವ ಕಪ್ಪು ಕುರಿಮರಿ ಚರ್ಮದ ಕುಲಾವಿ, ಹಿತ್ತಾಳೆಯ ಗುಬುಟು ಕೂರಿಸಿದ ಕೋಲು. ಊಟಕ್ಕೆ ಮೇಕೆಮರಿಯ ಹಾಲಿನ ಗಂಜಿ ಮತ್ತು ಅಲ್ಲಿದ್ದ ಬಗೆಬಗೆಯ ಪ್ರಾಣಿಗಳ ಹೃದಯಗಳಿಂದ ಮಾಡಿದ ಅಡುಗೆ. ಉಣ್ಣಲು ಹಿತ್ತಾಳೆಯ ಚಮಚ ಮತ್ತು ವಾಲ್ರಸ್ ದಂತದ ಹಿಡಿಯಿರುವ ಒಂದು ಚಾಕು. ಆ ಚಾಕುವಿನ ತುದಿ ಮುರಿದಿತ್ತು ಎಂಬುದನ್ನೂ ಅವನು ಬಿಡುವುದಿಲ್ಲ.

ಕಣಿ ಹೇಳಬೇಕಾದರೆ ಆತ್ಮಗಳು ಬರಬೇಕು, ಅವು ಬರಬೇಕಾದರೆ ಹಾಡು ಬಲ್ಲ ಹೆಂಗಸೊಬ್ಬಳು ಬೇಕು. ಗುದ್ರಿದ್ ಎಂಬ ಯುವತಿ, ತಾನು ಮಾಟಗಾತಿಯೂ ಅಲ್ಲ, ಕಾಲಜ್ಞಾನಿಯೂ ಅಲ್ಲ, ಆದರೆ ಐಸ್‌ಲ್ಯಾಂಡಿನಲ್ಲಿ ಸಾಕುತಾಯಿಯಿಂದ ಕಲಿತ ಹಾಡು ಬರುತ್ತದೆ ಎನ್ನುತ್ತಾಳೆ. ಆ ಹಾಡನ್ನು ಸಾಕುತಾಯಿ ಕರೆಯುತ್ತಿದ್ದ ಹೆಸರೇ ‘ವರ್ದ್‌ಲೊಕ್ಕುರ್’. ಕಾವಲು ಆತ್ಮಗಳನ್ನು ಒಲಿಸಿ ಕರೆಯುವುದು ಎಂದು ಇದನ್ನು ಬಿಡಿಸಬಹುದು. ಕ್ರೈಸ್ತಳಾದ ಗುದ್ರಿದ್ ಮೊದಲು ಹಾಡಲು ಒಪ್ಪದಿದ್ದರೂ, ಹಸಿದ ಜನರಿಗೆ ನೆರವಾಗಲೆಂದು ಎಲ್ಲರೂ ಒತ್ತಾಯಿಸಿದಾಗ ಹಾಡುತ್ತಾಳೆ. ಅಷ್ಟು ಇಂಪಾದ ಹಾಡನ್ನು ಅಲ್ಲಿದ್ದವರು ಕೇಳಿರಲೇ ಇಲ್ಲವಂತೆ. ವಸಂತ ಬರುವ ಹೊತ್ತಿಗೆ ಬರ ನೀಗುತ್ತದೆ ಎಂದು ಥಾರ್‌ಬ್ಯೋರ್ಗ್ ನುಡಿಯುತ್ತಾಳೆ.

ಈ ‘ವರ್ದ್‌ಲೊಕ್ಕುರ್’ ಪದವೇ ಸ್ಕಾಟ್ಲೆಂಡಿಗೆ ಬಂದು ‘ವಾರ್ಲಾಕ್’ ಆಯಿತು ಎಂಬುದು ವಾದ. ಧ್ವನಿ ಹತ್ತಿರವಿದೆ, ವಿಷಯವೂ ಹತ್ತಿರವಿದೆ, ವೈಕಿಂಗರು ಸ್ಕಾಟ್ಲೆಂಡಿನಲ್ಲಿ ನೆಲೆಸಿದ್ದೂ ನಿಜ. ಆದರೆ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಇದನ್ನು ಒಪ್ಪುವುದಿಲ್ಲ. ಆ ಉತ್ತರದೇಶದ ಪದ ತೀರ ಅಪರೂಪದ್ದು. ಇಂಗ್ಲಿಷಿನಲ್ಲಿ ಮೊದಲು ಸಿಗುವ ರೂಪಗಳಲ್ಲಿ ಕೊನೆಯ ‘ಕ್’ ಇಲ್ಲವೇ ಇಲ್ಲ, ‘ವಾರ್ಲೋ’ ಎಂಬಂಥವೇ ಹೆಚ್ಚು. ‘ಲೊಕ್ಕುರ್’ ಎಂಬುದರಿಂದ ಬಂದಿದ್ದರೆ ಕಕಾರ ಮೊದಲಿನಿಂದಲೂ ಇರಬೇಕಾಗಿತ್ತು. ನನ್ನ ಕಡೆಯಿಂದ ಇನ್ನೊಂದನ್ನು ಸೇರಿಸುತ್ತೇನೆ: ಸಾಗಾದಲ್ಲಿ ಅದು ಹಾಡಿನ ಹೆಸರು, ಹಾಡುವವಳ ಹೆಸರೂ ಅಲ್ಲ, ಆತ್ಮಗಳೊಡನೆ ಮಾತಾಡುವವಳ ಹೆಸರೂ ಅಲ್ಲ. ಹೆಂಗಸರು ಹಾಡುವ ಹಾಡಿನ ಹೆಸರು ಕೇವಲ ಗಂಡಸರಿಗೆ ಸಲ್ಲುವ ಬೈಗುಳವಾಯಿತು ಎಂದು ನಂಬಲು ಇನ್ನಷ್ಟು ಸಾಕ್ಷ್ಯ ಬೇಕು.

ಉತ್ತರ: ತುಂಗಾತೀರ

ಒಂದು ಸಂದೇಹ. ‘ವಿಚ್’ ಎಂದರೆ ಹೆಂಗಸು, ‘ವಾರ್ಲಾಕ್’ ಎಂದರೆ ಗಂಡಸು ಎಂಬ ವಿಭಾಗ ಮೊದಲಿನಿಂದಲೂ ಇತ್ತೇ? ಹಾಗಿದ್ದರೆ ಅನುವಾದ ಸುಲಭವಾಗುತ್ತದೆ: ಮಾಟಗಾತಿ, ಮಾಟಗಾರ ಎಂದು ಬರೆದರೆ ಸಾಕಲ್ಲವೇ?

ಉತ್ತರ: ಪದಮೂಲ

ಮೊದಲಿನಿಂದ ಇರಲಿಲ್ಲ, ತುಂಗಾತೀರ ಅವರೇ. ಹಳೆಯ ಇಂಗ್ಲಿಷಿನಲ್ಲಿ ಗಂಡಸಿಗೆ ‘ವಿಚ್ಚ’, ಹೆಂಗಸಿಗೆ ‘ವಿಚ್ಚೆ’ ಎಂಬ ಎರಡು ರೂಪಗಳಿದ್ದವು. ಪದಾಂತ್ಯದ ಸ್ವರಗಳು ಸವೆದು ಬಿದ್ದಾಗ ಎರಡೂ ಒಂದೇ ‘ವಿಚ್’ ಆಗಿ ಉಳಿದವು. ಹಾಗಾಗಿ ಬಹುಕಾಲದವರೆಗೆ ಗಂಡಸನ್ನೂ ‘ವಿಚ್’ ಎಂದು ಕರೆಯುವುದು ಸಹಜವಾಗಿತ್ತು. ಇಂದು ವಿಕ್ಕಾ ಎಂಬ ಆಧುನಿಕ ಪಂಥವನ್ನು ಅನುಸರಿಸುವವರಲ್ಲಿಯೂ ಗಂಡಸರು ತಮ್ಮನ್ನು ‘ವಿಚ್’ ಎಂದೇ ಹೇಳಿಕೊಳ್ಳುತ್ತಾರೆ. ‘ವಾರ್ಲಾಕ್’ ಎಂದು ಕರೆದರೆ ಅವರಲ್ಲಿ ಅನೇಕರು ಅದನ್ನು ಅವಮಾನವೆಂದು ಭಾವಿಸುತ್ತಾರೆ, ಏಕೆಂದರೆ ಪದದ ಹಳೆಯ ಅರ್ಥ ಅವರಿಗೆ ಗೊತ್ತಿದೆ.

ಉತ್ತರ: ಎಡಿನ್‌ಬರೋ ಕನ್ನಡಿಗ

ನಾನು ಇರುವ ಊರಿನ ಚರಿತ್ರೆಗೆ ಸಂಬಂಧಿಸಿದ ವಿಷಯವಾದ್ದರಿಂದ ಕೆಲವು ಮಾತುಗಳನ್ನು ಸೇರಿಸಲು ಬಯಸುತ್ತೇನೆ.

ಸ್ಕಾಟ್ಲೆಂಡಿನಲ್ಲಿ 1563ರಲ್ಲಿ ಮಾಟಕ್ಕೆ ಮರಣದಂಡನೆ ವಿಧಿಸುವ ಕಾನೂನು ಬಂತು. ಅದು ರದ್ದಾದದ್ದು 1736ರಲ್ಲಿ. ಈ ಅವಧಿಯಲ್ಲಿ ಆರೋಪಕ್ಕೆ ಗುರಿಯಾದವರ ದಾಖಲೆಗಳನ್ನು ಎಡಿನ್‌ಬರೋ ವಿಶ್ವವಿದ್ಯಾಲಯದ ಸಂಶೋಧಕರು ಕಲೆಹಾಕಿದ್ದಾರೆ. ಅವರ ಪಟ್ಟಿಯಲ್ಲಿ 3,800ಕ್ಕೂ ಹೆಚ್ಚು ಜನರಿದ್ದು, ನೂರಕ್ಕೆ 84ರಷ್ಟು ಮಂದಿ ಮಹಿಳೆಯರು. ಗಂಡಸರ ಪಾಲು ಸುಮಾರು 15ರಷ್ಟು. ಗಂಡಸರು ಕಡಿಮೆ ಸಂಖ್ಯೆಯಲ್ಲಿದ್ದರೂ ಇರಲೇ ಇಲ್ಲವೆಂದಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಒಡಂಬಡಿಕೆ ಮುರಿಯುವುದಕ್ಕೂ ಮಾಟಕ್ಕೂ ಇರುವ ನಂಟು ಈ ವಿಚಾರಣೆಗಳಲ್ಲಿ ಬಹಳ ಸ್ಪಷ್ಟವಾಗಿ ಕಾಣುತ್ತದೆ. ನ್ಯಾಯಾಧಿಕಾರಿಗಳು ಮತ್ತು ಪಾದ್ರಿಗಳು ಹುಡುಕುತ್ತಿದ್ದ ಮುಖ್ಯ ಅಪರಾಧವೆಂದರೆ ಕ್ರೈಸ್ತ ಧರ್ಮಕ್ಕೆ ಸೇರಿಸುವ ದೀಕ್ಷಾಸ್ನಾನವನ್ನು ತ್ಯಜಿಸಿ ಸೈತಾನನ ಸೇವೆಗೆ ಸೇರಿದ್ದು. ಪಕ್ಕದ ಮನೆಯ ಹಸುವಿನ ಹಾಲು ಬತ್ತಿಸಿದ್ದು, ಮಗುವಿಗೆ ಜ್ವರ ಬರಿಸಿದ್ದು ಮುಂತಾದ ದೂರುಗಳು ಊರಿನವರವು. ದೀಕ್ಷಾಸ್ನಾನದ ಪ್ರಶ್ನೆ ಅಧಿಕಾರಸ್ಥರದು. 1662ರಲ್ಲಿ ಆಲ್ಡರ್ನ್ ಎಂಬ ಊರಿನ ಇಸೊಬೆಲ್ ಗೌಡಿ ಎಂಬಾಕೆಯ ತಪ್ಪೊಪ್ಪಿಗೆಯಲ್ಲಿ ಈ ಕ್ರಿಯೆಯ ವರ್ಣನೆಯೇ ಇದೆ. ಅವಳು ಒಂದು ಕೈಯನ್ನು ನೆತ್ತಿಯ ಮೇಲಿಟ್ಟು, ಇನ್ನೊಂದನ್ನು ಅಂಗಾಲಿಗೆ ಹಚ್ಚಿ, ಎರಡು ಕೈಗಳ ನಡುವೆ ಇರುವುದೆಲ್ಲವನ್ನೂ ಸೈತಾನನಿಗೆ ಒಪ್ಪಿಸಿದಳಂತೆ. ಇಂಥ ಹೇಳಿಕೆಗಳನ್ನು ಯಾವ ಒತ್ತಡದಲ್ಲಿ ಹೊರಡಿಸಲಾಗುತ್ತಿತ್ತು ಎಂಬುದನ್ನು ಮರೆಯದೆ ಓದಬೇಕು. ಅನೇಕ ಪ್ರಕರಣಗಳಲ್ಲಿ ದಿನಗಟ್ಟಲೆ ನಿದ್ದೆ ಮಾಡಲು ಬಿಡದೆ ಕಾಡಿ ತಪ್ಪೊಪ್ಪಿಗೆ ಪಡೆದದ್ದು ಚರಿತ್ರಕಾರರು ಒಪ್ಪಿರುವ ಸಂಗತಿ. ಸುಟ್ಟುಹೋದ ಆ ಬಡ ಹೆಂಗಸರು ಮತ್ತು ಗಂಡಸರು ಯಾರ ಮಾತನ್ನೂ ಮುರಿದವರಲ್ಲ ಎಂಬುದು ನನ್ನ ದೃಢವಾದ ನಂಬಿಕೆ. ಆದರೆ ಅವರನ್ನು ಕೊಂದವರ ದೃಷ್ಟಿಯಲ್ಲಿ ಮಾಟವೆಂದರೆ ಮೊದಲು ದ್ರೋಹ, ಆಮೇಲೆ ವಿದ್ಯೆ.

1597ರಲ್ಲಿ ಮಾಟದ ಬಗ್ಗೆ ಸ್ವತಃ ಪುಸ್ತಕ ಬರೆದ ಸ್ಕಾಟ್ಲೆಂಡಿನ ರಾಜ ಆರನೆಯ ಜೇಮ್ಸ್ ಅದರಲ್ಲಿ ಜನರ ನಡುವೆ ಇದ್ದ ಒಂದು ಮಾತನ್ನು ಚರ್ಚಿಸುತ್ತಾನೆ: ‘ವಿಚ್’ಗಳು ಸೈತಾನನ ಆಳುಗಳು, ಆದರೆ ಗ್ರಂಥ ಓದಿ ಮಂಡಲ ಬರೆದು ಅವನನ್ನು ಕರೆಯುವ ‘ನೆಕ್ರೊಮ್ಯಾನ್ಸರ್’ಗಳು ಅವನ ಒಡೆಯರು. ಮಾಟ ಮಾಡುವವರಲ್ಲಿಯೇ ಮೇಲು ಕೀಳು ಎಂಬ ಕಲ್ಪನೆ ಅಂದು ಇತ್ತೆಂಬುದಕ್ಕೆ ಇದು ಸಾಕ್ಷಿ. ಅನುವಾದಕಿ ಅವರ ಕಥೆಗಳಲ್ಲಿ ಕಾಣುವ ವ್ಯತ್ಯಾಸಕ್ಕೂ ಇದಕ್ಕೂ ಸಂಬಂಧವಿರಬಹುದು.

ಎಡಿನ್‌ಬರೋದಲ್ಲಿ ಇಂದಿಗೂ ‘ವಾರ್ಲಾಕ್’ ಎಂದೊಡನೆ ನೆನಪಾಗುವ ಹೆಸರು ಮೇಜರ್ ಥಾಮಸ್ ವಿಯರ್. 1638ರಲ್ಲಿ ಸ್ಕಾಟ್ಲೆಂಡಿನ ಜನರು ತಮ್ಮ ಧರ್ಮವನ್ನು ಕಾಪಾಡಿಕೊಳ್ಳಲು ದೇವರ ಹೆಸರಿನಲ್ಲಿ ಸಹಿ ಹಾಕಿದ ರಾಷ್ಟ್ರೀಯ ಒಡಂಬಡಿಕೆಯ ಪಕ್ಷದವನಾಗಿ ಈತ ಸೈನ್ಯದಲ್ಲಿ ದುಡಿದವನು. ವೆಸ್ಟ್ ಬೋ ಎಂಬ ಇಳಿಜಾರಿನ ಬೀದಿಯಲ್ಲಿ ಅವನ ಮನೆ. ಸದಾ ಕೋಲೂರಿಕೊಂಡು ನಡೆಯುತ್ತಿದ್ದ, ಪ್ರಾರ್ಥನೆಯಲ್ಲಿ ಎಲ್ಲರಿಗಿಂತ ಮುಂದು ಎಂದು ಹೆಸರಾಗಿದ್ದ ಈ ಮುದುಕ, ಒಂದು ದಿನ ತಾನಾಗಿಯೇ ಘೋರ ಪಾಪಗಳನ್ನು ಒಪ್ಪಿಕೊಳ್ಳತೊಡಗಿದಾಗ ಮೊದಲು ಜನರು ಅವನಿಗೆ ಬುದ್ಧಿ ಕೆಟ್ಟಿದೆ ಎಂದೇ ತಿಳಿದರು. 1670ರಲ್ಲಿ ಅವನಿಗೆ ಮರಣದಂಡನೆಯಾಯಿತು. ನ್ಯಾಯಾಲಯ ಅವನನ್ನು ಶಿಕ್ಷಿಸಿದ್ದು ನಿಷಿದ್ಧ ಲೈಂಗಿಕ ಸಂಬಂಧಗಳಿಗಾಗಿ; ಮಾಟದ ಅಪರಾಧ ಅವನ ತೀರ್ಪಿನಲ್ಲಿಲ್ಲ. ಹಾಗಿದ್ದೂ ಊರು ಅವನನ್ನು ನೆನಪಿಟ್ಟುಕೊಂಡದ್ದು ಮಾಟಗಾರನೆಂದೇ. ಅವನ ಕೋಲು ಸೈತಾನನ ಕೊಡುಗೆ, ಅದು ತಾನಾಗಿ ಮುಂದೆ ಮುಂದೆ ನಡೆದು ದಾರಿ ಬಿಡಿಸುತ್ತಿತ್ತು ಎಂಬ ಕಥೆಗಳು ಹುಟ್ಟಿದವು. ದೇವರೊಡನೆ ಮಾಡಿಕೊಂಡ ಒಡಂಬಡಿಕೆಗೆ ತಪ್ಪಿದವನು ಎಂಬ ಹಳೆಯ ಅರ್ಥಕ್ಕೆ ಇವನಿಗಿಂತ ಹತ್ತಿರದ ಉದಾಹರಣೆ ನನಗೆ ಕಾಣದು.

ಉತ್ತರ: ಬಡಗಣದ ಓದುಗ

‘ವಿಜರ್ಡ್’ ಮುಂತಾದ ಸಾಲುಪದಗಳ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಸಂಕ್ಷೇಪವಾಗಿ ಬರೆಯುತ್ತೇನೆ. ‘ವಿಜರ್ಡ್’ ಎಂಬುದು ಅರಿವುಳ್ಳ ಎಂಬ ಅರ್ಥದ ‘ವೈಸ್’ ಪದಕ್ಕೆ ‘ಅರ್ಡ್’ ಪ್ರತ್ಯಯ ಸೇರಿ ಆದದ್ದು. 15ನೆಯ ಶತಮಾನದಲ್ಲಿ ಅದಕ್ಕೆ ಜ್ಞಾನಿ, ತತ್ತ್ವಜ್ಞ ಎಂಬ ಅರ್ಥವಿತ್ತು. ಮಾಂತ್ರಿಕ ಎಂಬ ಅರ್ಥ ಬಂದದ್ದು ಮುಂದಿನ ಶತಮಾನದಲ್ಲಿ. ‘ಡ್ರಂಕರ್ಡ್’, ‘ಕವರ್ಡ್’ ಪದಗಳಲ್ಲಿಯೂ ಇರುವ ಆ ಪ್ರತ್ಯಯಕ್ಕೆ ಸ್ವಲ್ಪ ಹೀಯಾಳಿಕೆಯ ಛಾಯೆ ಇದೆ, ಆದರೂ ಪದದ ಒಳಗಿನ ಗೌರವ ಪೂರ್ತಿ ಅಳಿಯಲಿಲ್ಲ. ಕವಿ ಮಿಲ್ಟನ್ ಬಾಲಯೇಸುವನ್ನು ಕಾಣಲು ನಕ್ಷತ್ರದ ಜಾಡು ಹಿಡಿದು ಬಂದ ಜ್ಞಾನಿಗಳನ್ನೇ ‘ವಿಜರ್ಡ್’ ಎಂದು ಕರೆದಿದ್ದಾನೆ. ‘ಸಾರ್ಸರರ್’ ಪದದ ಬೇರು ಲ್ಯಾಟಿನ್ನಿನ ‘ಸೋರ್ಸ್’, ಅಂದರೆ ಚೀಟಿ ಎತ್ತುವುದು. ನಮ್ಮಲ್ಲಿ ಕವಡೆ ಹಾಕಿ ನೋಡುವವರಂತೆ ವಿಧಿಯನ್ನು ಓದುತ್ತಿದ್ದವನು ಅವನು.

ಮಾಂತ್ರಿಕ ಎಂಬ ಅರ್ಥದ ‘ಮೇಜ್’ ಮತ್ತು ‘ಮ್ಯಾಜಿಕ್’ ಪದಗಳ ಮೂಲಪುರುಷನು ಪ್ರಾಚೀನ ಇರಾನಿನ ಪುರೋಹಿತ, ‘ಮಗುಷ್’. ಅಲ್ಲಿನ ಚಕ್ರವರ್ತಿ ದಾರಿಯವುಷನ ಬೆಹಿಸ್ತೂನ್ ಶಾಸನದಲ್ಲಿ, ಕ್ರಿ.ಪೂ. 522ರಲ್ಲಿ ಸಿಂಹಾಸನವನ್ನು ಕಸಿದುಕೊಂಡನೆಂದು ಹೇಳಲಾದ ಗೌಮಾತನನ್ನು ಹೀಗೆಯೇ ಗುರುತಿಸಲಾಗಿದೆ. ಸೂರ್ಯಾರಾಧನೆಗೆಂದು ಕೃಷ್ಣನ ಮಗ ಸಾಂಬನು ಶಾಕದ್ವೀಪದಿಂದ ಕರೆತಂದನೆಂದು ಭವಿಷ್ಯಪುರಾಣ ಹೇಳುವ ಮಗ ಬ್ರಾಹ್ಮಣರ ಹೆಸರೂ ಇದೇ. ಹೀಗೆ ಒಬ್ಬನು ಅರಿವಿನಿಂದ, ಒಬ್ಬನು ಚೀಟಿಯಿಂದ, ಒಬ್ಬನು ಪೌರೋಹಿತ್ಯದಿಂದ ಮಾಂತ್ರಿಕನಾದ. ವಾರ್ಲಾಕನು ಮಾತ್ರ ಒಂದು ಅಪರಾಧದಿಂದ ಆದವನು.

ಉತ್ತರ: ತುಂಗಾತೀರ

ಆಟಗಳಲ್ಲಿ ಈ ಪದವನ್ನು ಕಂಡವರಿಗೊಂದು ಸಂಗತಿ. 1974ರಲ್ಲಿ ಬಂದ, ಆಟಗಾರರು ಕಲ್ಪಿತ ಪಾತ್ರಗಳನ್ನು ವಹಿಸಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ‘ವಾರ್ಲಾಕ್’ ಎಂಬುದು ಮಂತ್ರ ಪ್ರಯೋಗಿಸುವ ಪಾತ್ರವು ಎಂಟನೆಯ ಹಂತಕ್ಕೇರಿದಾಗ ಸಿಗುವ ಬಿರುದು ಮಾತ್ರ. ಹನ್ನೊಂದನೆಯ ಹಂತದವನು ‘ವಿಜರ್ಡ್’. ಈ ಶತಮಾನದ ಆವೃತ್ತಿಗಳಲ್ಲಿ ಅದೇ ಪದ ಬೇರೆಯೇ ಒಂದು ಪಾತ್ರವರ್ಗವಾಗಿದೆ: ಅಲೌಕಿಕ ಶಕ್ತಿಯೊಂದಿಗೆ ಒಪ್ಪಂದ ಮಾಡಿಕೊಂಡು ಬಲ ಪಡೆಯುವವನು. ಒಪ್ಪಂದ ಮುರಿದವನ ಹೆಸರು ಒಪ್ಪಂದ ಮಾಡಿಕೊಂಡವನ ಹೆಸರಾಗಿರುವುದನ್ನು ಈ ಚರ್ಚೆ ಓದಿದ ಮೇಲೆ ಗಮನಿಸಿದೆ.

ಅನುವಾದಕಿ (ಪ್ರಶ್ನೆ ಕೇಳಿದವರು)

ಇಷ್ಟು ಶ್ರದ್ಧೆಯಿಂದ ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ‘ಮಾಂತ್ರಿಕ’, ‘ಮಂತ್ರವಾದಿ’ ಪದಗಳಲ್ಲಿ ವಿದ್ಯೆಯ ಗೌರವವಿದೆ. ಚೇಳು ಕಚ್ಚಿದರೂ ನಾವು ಮಂತ್ರವಾದಿಯ ಬಳಿ ಹೋಗುತ್ತಿದ್ದೆವು. ಆದ್ದರಿಂದ ಅವನ್ನು ‘ವಿಜರ್ಡ್’ಗೆ ಮೀಸಲಿಡುತ್ತೇನೆ. ‘ಮಾಟಗಾರ’ ಎಂಬುದರಲ್ಲಿ ಕೇಡು ಇದೆ, ದ್ರೋಹ ಇಲ್ಲ. ಆ ದ್ರೋಹವನ್ನು ಹೇಗೆ ತರುವುದೆಂದು ತಿಳಿಯುತ್ತಿಲ್ಲ.

ಉತ್ತರ: ಪದಮೂಲ

ನೀವು ಹುಡುಕುತ್ತಿರುವ ಪದ ಈ ಚರ್ಚೆಯಲ್ಲಿಯೇ ಹಲವು ಸಲ ಬಂದಿದೆ. ಕನ್ನಡ ಬೈಬಲಿನಲ್ಲಿ ದೇವರಿಗೂ ಮನುಷ್ಯನಿಗೂ ಆದ ಒಪ್ಪಂದಕ್ಕೆ ‘ಒಡಂಬಡಿಕೆ’ ಎಂಬ ಪದ ನೆಲೆನಿಂತಿದೆ. ನಿಮ್ಮ ಕಥೆಗಳ ಸ್ಕಾಟ್ ರೈತನ ಮನಸ್ಸಿನಲ್ಲಿದ್ದದ್ದೂ ಅದೇ ಒಪ್ಪಂದ. ಪ್ರತಿ ಕಥೆಯಲ್ಲಿ ಆ ವ್ಯಕ್ತಿ ಮೊದಲ ಬಾರಿ ಕಾಣಿಸಿಕೊಳ್ಳುವಾಗ ‘ಒಡಂಬಡಿಕೆಗೆ ತಪ್ಪಿದ ಮಾಟಗಾರ’ ಎಂದು ಬರೆಯಿರಿ, ಮುಂದೆ ‘ಮಾಟಗಾರ’ ಎಂದರೆ ಸಾಕು. ಊರಿನವರು ಸಿಟ್ಟಿನಿಂದ ಕೂಗುವ ಕಡೆ ‘ದೈವದ್ರೋಹಿ’ ಎಂದರೆ ಕನ್ನಡದ ಕಿವಿಗೆ ಸಹಜವಾಗಿ ಕೇಳುತ್ತದೆ. ವ್ಯಕ್ತಿಯ ಹೆಸರಿನೊಂದಿಗೆ ಬಿರುದಿನಂತೆ ಬಂದಲ್ಲಿ ‘ವಾರ್ಲಾಕ್’ ಪದವನ್ನು ಹಾಗೆಯೇ ಉಳಿಸಿಕೊಳ್ಳಿ. ಮೊದಲ ಪುಟದಲ್ಲಿ ಎರಡು ಸಾಲಿನ ಟಿಪ್ಪಣಿ ಕೊಟ್ಟರೆ ಓದುಗರಿಗೆ ತೊಡಕಾಗದು.